ಡಾಕ್ಟರಬಾಯಿಯ ಸಿಟ್ಟು

ನನ್ನ ಮುಂಗೈಯ ಚರ್ಮವನ್ನು ಅವರು ಎರಡು ಬೆರಳಲ್ಲಿ ಚಿವುಟಿ ಮೇಲೆತ್ತಿ ಬಿಟ್ಟರು. ಎತ್ತಿದ ಚರ್ಮ ಕೆಳಗಿಳಿಯಲಿಲ್ಲ. ಒಣಗಿದ ಕಣಕದ ಮಡಿಕೆಯಂತೆ ಹಾಗೇ ನಿಂತಿತ್ತು. ಅವರು ಅದನ್ನೇ ನೋಡುತ್ತ ನಿಂತರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹಣೆಯ ವಿಭೂತಿ ಬೆವರಿಗೆ ಕಲಸಿ ಹುಬ್ಬಿನವರೆಗೆ ಇಳಿದಿತ್ತು. ಚರ್ಮ ನಿಧಾನವಾಗಿ ಸಮವಾಗುವಷ್ಟರಲ್ಲಿ ಅವರ ಮುಖ ಕೆಂಪಾಗಿತ್ತು. ಮಹಾರಾಷ್ಟ್ರದ ಗಡಿಯೂರಾದ ಉದಗೀರದ ಸ್ಟೇಶನ್ ರಸ್ತೆಯ ಆ ಸಣ್ಣ ದವಾಖಾನೆಯಲ್ಲಿ ನಾನು ಅವರನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದು ಹೀಗೆ, ಮಲಗಿದಲ್ಲಿಂದ, ಅರ್ಧ ಎಚ್ಚರದಲ್ಲಿ.

ಊರವರು ಮರಾಠಿಯ ರೂಢಿಯಂತೆ ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು. ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು, ಬೈಯೋ ಡಾಕ್ಟರು. ಶಿರೂರ ಅನಂತಪಾಳದ ಕಡೆಯ ಒಕ್ಕಲುತನದ ಮನೆಯ ಮಗಳು. ಔಷಧಿ ಹೇಳುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ. ಕೋಟೆಯ ಕಡೆಯ ಮುಸಲ್ಮಾನರ ಓಣಿಯಿಂದ ಬರುವವರಿಗೆ ಮಾತ್ರ ಎರಡೂ ದಖನಿ ಉರ್ದುವಿನಲ್ಲಿ. ಬೈಸಿಕೊಂಡವರು ಮೆಟ್ಟಿಲಿಳಿಯುತ್ತ ಇನ್ನು ಈ ಕಡೆ ಕಾಲಿಡುವುದಿಲ್ಲ ಎನ್ನುತ್ತಿದ್ದರು. ಮುಂದಿನ ಬಸುರಿಗೆ ಸೊಸೆಯನ್ನು ಅಲ್ಲಿಗೇ ಕರೆತರುತ್ತಿದ್ದರು.

ಈಗ ಅವರಿಲ್ಲ. ಹೋದ ಮೇಲೆ ಎಲ್ಲರೂ ಸೇರಿ ಅವರನ್ನು ಶಾಂತ ಸ್ವಭಾವದ ತಾಯಿ ಮಾಡಿಬಿಟ್ಟಿದ್ದಾರೆ. ಆ ಸುಳ್ಳು ತಡೆಯಲಾರದೆ ಇದನ್ನು ಬರೆಯುತ್ತಿದ್ದೇನೆ. ಅವರು ಶಾಂತರಾಗಿದ್ದರೆ ನಾನು ಇವತ್ತು ಬರೆಯಲು ಇರುತ್ತಿರಲಿಲ್ಲ.

ನನ್ನ ತವರು ಯೆಣೆಗೂರ, ಉಮರಗಾ ತಾಲೂಕಿನ ಹೆದ್ದಾರಿ ಬದಿಯ ಊರು. ಕೊಟ್ಟದ್ದು ಉದಗೀರಕ್ಕೆ. ಇಲ್ಲಿಯ ಕಾಳಿನ ಪೇಟೆಯಾದ ಮೊಂಢಾದಲ್ಲಿ ನನ್ನ ಮಾವನವರದು ರೈತರ ಕಾಳು ಮಾರಿಸಿಕೊಡುವ ಹಳೆಯ ಅಡತಿ ಅಂಗಡಿ. ಎರಡೂ ಮನೆಯವರು ಕೊರಳಲ್ಲಿ ಲಿಂಗ ಕಟ್ಟಿದವರೇ. ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವವರೆಗೆ ಬಾಯಿಗೆ ಹನಿ ನೀರು ಹಾಕಬಾರದೆಂಬ ನೇಮ ಎರಡೂ ಕಡೆ ಇತ್ತು. ಆದರೆ ತವರಿನಲ್ಲಿ ಮೈ ಬಿಸಿಯಾದರೆ ಅವ್ವ ಹಾಸಿಗೆಗೇ ಹಾಲು ತಂದು ಕುಡಿಸುತ್ತಿದ್ದಳು, ಪೂಜೆ ಆಮೇಲೆ ಮಾಡಿದರಾಯಿತು ಎನ್ನುತ್ತಿದ್ದಳು. ಅತ್ತೆಯ ಮನೆಯಲ್ಲಿ ಆಮೇಲೆ ಎಂಬ ಮಾತೇ ಇರಲಿಲ್ಲ.

ಬಸುರಾದ ಎರಡನೇ ತಿಂಗಳಿಗೆ ವಾಂತಿ ಶುರುವಾಯಿತು. ತೊಗರಿ ಚೀಲದ ಧೂಳು, ಒಗ್ಗರಣೆಯ ಹೊಗೆ, ಗಂಡನ ಅಂಗಿ, ಎಲ್ಲ ವಾಸನೆಗೂ ವಾಂತಿ. ಮೊದಲು ರೊಟ್ಟಿ ನಿಲ್ಲಲಿಲ್ಲ, ಆಮೇಲೆ ಗಂಜಿ ನಿಲ್ಲಲಿಲ್ಲ, ಕೊನೆಗೆ ನೀರೂ ನಿಲ್ಲಲಿಲ್ಲ. ಬೆಳಗ್ಗೆ ತಲೆ ಎತ್ತಿದ ಕೂಡಲೇ ಹಳದಿ ಪಿತ್ತ. ಬಾಯಿ ಮುಕ್ಕಳಿಸಬಹುದಿತ್ತು, ನುಂಗುವಂತಿರಲಿಲ್ಲ. ಬಚ್ಚಲಿಗೆ ಮೊದಲು ಮಾವ, ಆಮೇಲೆ ಅತ್ತೆ, ಆಮೇಲೆ ಅಂಗಡಿಗೆ ಹೋಗುವ ಗಂಡಸರು, ಕೊನೆಗೆ ಸೊಸೆಯ ಪಾಳಿ. ಅಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿರುತ್ತಿತ್ತು. ಸ್ನಾನವಾಗಿ ಪೂಜೆಗೆ ಕೂರುವಾಗ ಮತ್ತೆ ವಾಂತಿಯಾದರೆ ಮೈಲಿಗೆಯೆಂದು ಮತ್ತೆ ಸ್ನಾನ. ಸೂತಕವೇ ಇಲ್ಲ ಎಂದು ಹೇಳಿಕೊಳ್ಳುವ ಧರ್ಮ ನಮ್ಮದು. ಸೊಸೆಯ ವಾಂತಿಗೆ ಮಾತ್ರ ಮೈಲಿಗೆ ಎಲ್ಲಿಂದ ಬಂತೋ ಕಾಣೆ.

ನೋಡಿದವರೆಲ್ಲ ಹೇಳುತ್ತಿದ್ದ ಮಾತು ಒಂದೇ, "ಎಲ್ಲಾರಿಗೂ ಆಗ್ತದ." ಆ ಮಾತು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕೂಸಿಗೆ ಕೂದಲು ಬರುತ್ತಿವೆ, ಅದಕ್ಕೇ ವಾಂತಿ ಎಂದು ಒಬ್ಬರು. ಮೂರು ತಿಂಗಳ ಒಳಗೆ ಗುಳಿಗೆ ನುಂಗಿದರೆ ಕೂಸಿಗೆ ಕೆಡುಕು ಎಂದು ಇನ್ನೊಬ್ಬರು. ಗಂಡನಿಗೆ ಹೇಳಿದರೆ ಅವ್ವನ ಕೇಳು ಎನ್ನುತ್ತಿದ್ದ. ಅಡತಿಯಲ್ಲಿ ಒಂದು ಹಿಡಿ ತೊಗರಿ ಅಂಗೈಯಲ್ಲಿ ಹಿಡಿದು ಎಷ್ಟು ಒಣಗಿದೆ ಎಂದು ಹೇಳಬಲ್ಲ ಮನುಷ್ಯ. ಮನೆಯಲ್ಲಿ ಹೆಂಡತಿ ಒಣಗುತ್ತಿರುವುದು ಅವನಿಗೆ ಕಾಣಲಿಲ್ಲ.

ಒಂದು ಬೆಳಗ್ಗೆ ಹೇಗೋ ಸ್ನಾನ ಮುಗಿಸಿ ಪೂಜೆಗೆ ಕೂತೆ. ಕರಡಿಗೆಯಿಂದ ಲಿಂಗ ತೆಗೆದು ಎಡಗೈಯಲ್ಲಿ ಇಟ್ಟುಕೊಂಡದ್ದು ನೆನಪಿದೆ. ವಿಭೂತಿ ಹಚ್ಚಲು ಬಲಗೈ ಎತ್ತಿದಾಗ ಗೋಡೆ ವಾಲಿತು. ಬೀಳುತ್ತಿರುವುದು ನನಗೆ ಗೊತ್ತಾಯಿತು. ಪಕ್ಕದಲ್ಲಿ ಕೂತಿದ್ದ ಅತ್ತೆ ಮುಂದೆ ಬಾಗಿ ಎರಡೂ ಕೈಯಲ್ಲಿ ಹಿಡಿದರು. ಹಿಡಿದದ್ದು ಲಿಂಗವನ್ನು, ನನ್ನನ್ನಲ್ಲ. ನನ್ನ ತಲೆ ಕಲ್ಲುಹಾಸಿಗೆ ಬಡಿಯಿತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣವೇ ಹೋದಂತೆ ಎಂದು ಕಲಿತ ಕೈಗಳು ಅವು, ಯೋಚನೆ ಮಾಡಿ ಹಿಡಿದದ್ದಲ್ಲ. ಅಷ್ಟು ತಿಳಿಯುವ ಬುದ್ಧಿ ನನಗೂ ಇದೆ. ಆದರೂ ಆ ಸಿಟ್ಟು ಹೋಗಿಲ್ಲ.

ಹಾಗೆ ನಾನು ಡಾಕ್ಟರಬಾಯಿಯ ಮುಂದೆ ಬಂದು ಬಿದ್ದೆ. ಚರ್ಮ ಚಿವುಟಿ ನೋಡಿದ ಮೇಲೆ ಅವರು ನನ್ನ ಕಡೆ ಬಾಗಿ, ಒಂದಕ್ಕೆ ಕೊನೆಗೆ ಹೋಗಿದ್ದು ಯಾವಾಗ ಎಂದು ಕೇಳಿದರು. ಕಾಲ ಹತ್ತಿರ ನಿಂತಿದ್ದ ಅತ್ತೆ, ದಿನಾ ಹೋಗ್ತಾಳ್ರಿ, ಹಂಗೇನಿಲ್ಲ ಎಂದರು. ಡಾಕ್ಟರಬಾಯಿ ತಿರುಗಿ ನೋಡಲೂ ಇಲ್ಲ. ಹಿರಿಯ ಹೆಂಗಸರೆಲ್ಲ ಅವರಿಗೆ ಕಾಕು, ಎಂದರೆ ಚಿಕ್ಕಮ್ಮ.

"ಕಾಕು, ನಾ ಆಕಿಗಿ ಕೇಳ್ಲತೀನಿ."

ಮದುವೆಯಾಗಿ ಬಂದಮೇಲೆ ನನ್ನ ಮೈಯ ಬಗ್ಗೆ ನನ್ನನ್ನೇ ಯಾರಾದರೂ ಕೇಳಿದ್ದು ಅದೇ ಮೊದಲು. ಬಾಯಿ ಅಂಟಿಕೊಂಡಿತ್ತು. ನಿನ್ನೆ ಎಂದೆ. ನರ್ಸಿನ ಕೈಹಿಡಿದು ಹೋದೆ. ಬಂದ ಒಂದಿಷ್ಟು ಮೂತ್ರ ಕುದಿದು ಕರ್ರಗಾದ ಚಹಾದ ಬಣ್ಣಕ್ಕಿತ್ತು. ಅದರಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ತೆಗೆದರು. ಪಟ್ಟಿ ದಟ್ಟ ನೇರಳೆ ಬಣ್ಣಕ್ಕೆ ತಿರುಗಿತು. ಅದನ್ನು ನನ್ನ ಗಂಡನ ಮೂಗಿನ ಹತ್ತಿರ ಹಿಡಿದು, ನಿನ್ನ ಹೆಂಡತಿಗೆ ತಿನ್ನಲು ಏನೂ ಸಿಗದೆ ಅವಳ ಮೈ ತನ್ನ ಕೊಬ್ಬನ್ನೇ ತಿಂದುಕೊಳ್ಳುತ್ತಿದೆ, ಅದರ ಗುರುತು ಇದು ಎಂದರು. ಮನೆಯಲ್ಲಿ ಕಾಳಿಗೆ ಬರ ಬಂದಿದೆಯೇನು ಎಂದೂ ಕೇಳಿದರು. 

ಸಲಾಯಿನ್ ಏರಿಸಲು ನರ ಸಿಗಲಿಲ್ಲ. ಎರಡೂ ಕೈ ಹುಡುಕಿದರು. ಬತ್ತಿದ ಬಾವಿಗೆ ಕೊಡ ಬಿಟ್ಟಂತಾಗಿದೆ ಎಂದು ಗೊಣಗುತ್ತ, ಕೊನೆಗೆ ಮಣಿಕಟ್ಟಿನ ಪಕ್ಕದ ಒಂದು ಸಣ್ಣ ನರಕ್ಕೆ ಸೂಜಿ ಹಾಕಿದರು. ಮೊದಲು ಒಂದು ಜೀವಸತ್ವದ ಚುಚ್ಚುಮದ್ದು, ಆಮೇಲೆ ಸಲಾಯಿನ್, ಅದರಲ್ಲೇ ವಾಂತಿಗೆ ಔಷಧಿ. ಕೈಯೊಳಗೆ ತಣ್ಣಗೆ ಹರಿದದ್ದು ಭುಜದವರೆಗೆ ಗೊತ್ತಾಗುತ್ತಿತ್ತು. ಬಸುರಿಗೆ ಇಷ್ಟೆಲ್ಲ ಯಾಕೆ, ನಾವೂ ಹಡೆದಿಲ್ಲವೇ ಎಂದು ಅತ್ತೆ ಮೆಲ್ಲಗೆ ಹೇಳಿದರು. ಡಾಕ್ಟರಬಾಯಿ ಈಗ ತಿರುಗಿದರು.

"ಹಡದವರು ಬಂದು ಹೇಳ್ತಾರ, ನಾವೂ ಹಡದೀವಿ ಅಂತ. ಹಡೀಲಾರದೆ ಹೋದವರು ಎಲ್ಲಿಂದ ಬಂದು ಹೇಳಬೇಕ್ರಿ ಕಾಕು? ವಾಂತಿ ಎಲ್ಲಾರಿಗೂ ಆಗ್ತದ. ನೀರು ನಿಲ್ಲಲಾರದ್ದು ಎಲ್ಲಾರಿಗೂ ಆಗಲ್ಲ. ಅದು ಜಡ್ಡು."

ಜಡ್ಡು. ಆ ಒಂದು ಪದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅಲ್ಲಿಯವರೆಗೆ ಅದು ನನ್ನ ನಾಜೂಕು, ನನ್ನ ನೆವ, ತವರಿನವರು ಮುದ್ದು ಮಾಡಿ ಬೆಳೆಸಿದ್ದರ ಫಲ ಆಗಿತ್ತು. ಅಳಲಿಕ್ಕೆ ಇಷ್ಟು ನೀರು ಬಂತಲ್ಲ, ಸಲಾಯಿನ್ ಹತ್ತುತ್ತಿದೆ ಎಂದರು ಡಾಕ್ಟರಬಾಯಿ. ಅವರು ನಗಿಸುವುದೂ ಬೈಯುವ ದನಿಯಲ್ಲೇ.

ದವಾಖಾನೆಯಲ್ಲೇ ಇಟ್ಟುಕೊಂಡರು. ಹಾಸಿಗೆಯಿಂದ ತಲೆ ಎತ್ತುವ ಮೊದಲೇ ಒಣ ಚುರುಮುರಿ ಒಂದು ಹಿಡಿ ತಿನ್ನಬೇಕು, ತಿಂದು ಸ್ವಲ್ಪ ಹೊತ್ತು ಹಾಗೇ ಮಲಗಿರಬೇಕು, ಆಮೇಲೆ ಏಳಬೇಕು. ನೀರು ಗ್ಲಾಸಿನಲ್ಲಿ ಅಲ್ಲ, ಬಾಟಲಿಯ ಮುಚ್ಚಳದಲ್ಲಿ. ಒಂದು ಮುಚ್ಚಳ ಕುಡಿ, ಸುಮ್ಮನಿರು, ನಿಂತರೆ ಇನ್ನೊಂದು. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಅಂಥ ಮುಚ್ಚಳಗಳು ಗಲಗಲ ಎನ್ನುತ್ತಿದ್ದವು. ಬಾಯಾರಿದವಳು ಗಟಗಟ ಕುಡಿದು ಗಟಗಟ ಕಕ್ಕುತ್ತಾಳೆ, ಅವಳದೂ ತಪ್ಪಲ್ಲ, ಗ್ಲಾಸಿನ ತಪ್ಪು ಎನ್ನುತ್ತಿದ್ದರು.

ಚುರುಮುರಿಯ ಡಬ್ಬಿ ದಿಂಬಿನ ಪಕ್ಕದಲ್ಲಿ ಇಟ್ಟು ಹೋಗಿದ್ದರು. ಬೆಳಗ್ಗೆ ಕಣ್ಣು ಬಿಟ್ಟು ಕೈ ಚಾಚಿದರೆ ಡಬ್ಬಿ ಇರಲಿಲ್ಲ. ಅತ್ತೆ ಅದನ್ನು ಕಿಟಕಿಯ ಮೇಲೆ ಎತ್ತಿಟ್ಟಿದ್ದರು. ಬಿಸಿನೀರು ಕೇಳಿ ತರಿಸಿದ್ದೇನೆ, ಮೈ ಒರೆಸಿಕೊಂಡು ಲಿಂಗಪೂಜೆ ಮಾಡಿಬಿಡು, ಆಮೇಲೆ ತಿನ್ನುವೆಯಂತೆ ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಅವರು ಕೆಟ್ಟವರಲ್ಲ ಎಂಬುದೇ ನನ್ನ ಸಿಟ್ಟನ್ನು ಹೆಚ್ಚಿಸುತ್ತದೆ, ಕೆಟ್ಟವರಾಗಿದ್ದರೆ ಜಗಳವಾದರೂ ಮಾಡಬಹುದಿತ್ತು. ಎದ್ದು ಕೂತೆ. ಕೂತದ್ದೇ ತಡ, ರಾತ್ರಿಯೆಲ್ಲ ಮುಚ್ಚಳ ಮುಚ್ಚಳವಾಗಿ ಕುಡಿದದ್ದು ಹೊರಗೆ ಬಂತು.

ಅದೇ ಹೊತ್ತಿಗೆ ಡಾಕ್ಟರಬಾಯಿ ಒಳಗೆ ಬಂದರು. ಬಕೀಟು ನೋಡಿದರು, ಕಿಟಕಿಯ ಮೇಲಿನ ಡಬ್ಬಿ ನೋಡಿದರು. ಕೇಳಬೇಕಾದ್ದೇನೂ ಉಳಿದಿರಲಿಲ್ಲ. ತಮ್ಮ ಸೀರೆಯ ಸೆರಗು ಸರಿಸಿ ಕೊರಳಿನ ಶಿವದಾರ, ಅದಕ್ಕೆ ಕಟ್ಟಿದ್ದ ಕರಡಿಗೆ ತೋರಿಸಿದರು.

"ನನ್ನ ಕೊರಳಾಗೂ ಅದ, ನೋಡ್ರಿ. ಆದ್ರ ಹೊಟ್ಟ್ಯಾಗಿನ ಕೂಸಿಗಿ ಎಂಟನೇ ತಿಂಗಳ ತನಕ ಲಿಂಗ ಕಟ್ಟಲ್ಲ. ಅದಕ್ಕ ಯಾವ ಪೂಜಿ, ಯಾವ ನೇಮ? ಅದಕ್ಯಾಕ ಉಪಾಸ ಕೆಡವ್ಲತೀರಿ? ನಾ ಇಲ್ಲಿ ನೀರು ತುಂಬ್ತೀನಿ, ನೀವು ಬಸೀತೀರಿ."

ಆದರೂ ಅತ್ತೆಯ ಕೈ ಡಬ್ಬಿಯ ಕಡೆ ಹೋಗಲಿಲ್ಲ. ಹಿರಿಯರು ಹಾಕಿದ ನೇಮ, ನಾನು ಹೇಗೆ ಮುರಿಯಲಿ ಎಂದರು. ಬಾಗಿಲಲ್ಲಿ ಟಿಫಿನ್ ಹಿಡಿದು ನಿಂತಿದ್ದ ನನ್ನ ಗಂಡನ ಕಡೆ ತಿರುಗಿ ಡಾಕ್ಟರಬಾಯಿ, ಈಗಿಂದೀಗ ಹೋಗಿ ನಿಮ್ಮ ಮನೆಯ ಅಯ್ಯನವರನ್ನು ಕರೆದುಕೊಂಡು ಬಾ, ಇವರ ಕಿವಿಗೆ ನನ್ನ ಮಾತು ಹತ್ತುವುದಿಲ್ಲ ಎಂದು ಗದರಿದರು. ಅವನು ಟಿಫಿನ್ ಹಿಡಿದುಕೊಂಡೇ ಓಡಿದ.

ಅಯ್ಯನವರು ಎಂದರೆ ನಮ್ಮ ಮನೆತನದ ಪುರೋಹಿತರು. ನನ್ನ ಗಂಡನ ಕೊರಳಿಗೆ ಲಿಂಗ ಕಟ್ಟಿದವರು, ನಮ್ಮ ಮದುವೆ ಮಾಡಿಸಿದವರು. ಬಂದರು. ನರ್ಸ್ ಕುರ್ಚಿ ಕೊಟ್ಟಳು. ಡಾಕ್ಟರಬಾಯಿ ಅವರಿಗೆ ಮೊದಲು ನಮಸ್ಕಾರ ಮಾಡಿ, ಆಮೇಲೆ ನೇರವಾಗಿ ಕೇಳಿದರು, ಬಸುರಿ ಹೆಣ್ಣುಮಗಳು ಪೂಜೆಗೆ ಮೊದಲು ನೀರು ಕುಡಿದರೆ ನೇಮ ಕೆಡುತ್ತದೆಯೇ ಎಂದು. ಅಯ್ಯನವರು ಶಲ್ಯ ಸರಿಮಾಡಿಕೊಂಡು, ಬಹಳ ಸಹಜವಾಗಿ ಹೇಳಿದರು.

"ಬಸುರಿಗಿ, ಜಡ್ಡು ಬಂದೋರಿಗಿ ಎಲ್ಲೀ ನೇಮ್ರಿ? ಇಲ್ಲ. ಮೊದಲಿಂದ ಇಲ್ಲ. ಯಾರೂ ಕೇಳ್ಲಿಲ್ಲ, ಅದಕ್ಕ ನಾ ಹೇಳ್ಲಿಲ್ಲ."

 ಅತ್ತೆ ಗೋಡೆಗೆ ಒರಗಿ ನಿಂತಿದ್ದವರು ಹಾಗೇ ಜಾರಿ ನನ್ನ ಹಾಸಿಗೆಯ ತುದಿಗೆ ಕೂತರು. ಆಮೇಲೆ ಅವರು ಕೇಳಿದ ಮಾತು ಅಯ್ಯನವರಿಗೆ ಕೇಳಿದ್ದೋ, ತಮಗೆ ತಾವೇ ಕೇಳಿಕೊಂಡದ್ದೋ ನನಗೆ ಇನ್ನೂ ಗೊತ್ತಿಲ್ಲ.

"ಹಂಗಾದ್ರ ನನಗೂ ಇರಲಿಲ್ಲೇನ್ರಿ?"

ಅವರ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ. ಅವರಿಗೂ ನೀರು ನಿಲ್ಲುತ್ತಿರಲಿಲ್ಲವಂತೆ. ಅವರ ಅತ್ತೆಯೂ ನೇಮ ಬಿಡಿಸಲಿಲ್ಲವಂತೆ. ಡಾಕ್ಟರಬಾಯಿಗೆ ಅದೆಲ್ಲ ಯಾರೂ ಹೇಳಬೇಕಾಗಲಿಲ್ಲ. ಅವರು ಅತ್ತೆಯ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಅಷ್ಟು ಹೊತ್ತು ಅವರ ಬಾಯಿಂದ ಬೈಗುಳ ಬರಲಿಲ್ಲ. ನೇಮವೇ ಅದಕ್ಕೆ ಕಾರಣವೆಂದು ಅವರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆಮೇಲೆ ತಲೆ ಎತ್ತಿ ಅಯ್ಯನವರನ್ನು ನೋಡಿದರು. ಅಂಥ ಸಿಟ್ಟನ್ನು ನಾನು ಮನುಷ್ಯರ ಮುಖದಲ್ಲಿ ಮತ್ತೆ ಕಂಡಿಲ್ಲ.

"ಶ್ರಾವಣದಾಗ ಮನಿ ಮನಿಗಿ ಕರೀದೆ ಬರ್ತೀರಿ. ಈ ಒಂದು ಮಾತು ಹೇಳಲಿಕ್ಕ ನಿಮಗ ಕರೀಬೇಕಾಗಿತ್ತಾ?"

ಅಯ್ಯನವರು ಎದ್ದು ಹೋದರು. ಅತ್ತೆ ಎದ್ದು ಕಿಟಕಿಯ ಮೇಲಿನ ಡಬ್ಬಿ ತಂದರು. ಮುಚ್ಚಳ ತೆಗೆಯಲು ಅವರ ಕೈಗೆ ಆಗಲಿಲ್ಲ, ನಾನೇ ತೆಗೆದೆ.

ನನ್ನ ಮಗಳು ಹುಟ್ಟಿದಳು, ಅದೇ ದವಾಖಾನೆಯಲ್ಲಿ. ವಾಂತಿ ಒಂದೇ ಸಲ ನಿಂತಿತೆಂದಲ್ಲ. ಐದನೇ ತಿಂಗಳವರೆಗೆ ಕಾಡಿತು, ಮತ್ತೆ ಸಲಾಯಿನ್ ಹಾಕಿಸಿಕೊಳ್ಳಲು ಹೋಗಬೇಕಾಯಿತು. ಆದರೆ ಮನೆಯಲ್ಲಿ ಅತ್ತೆಯೇ ರಾತ್ರಿ ನನ್ನ ದಿಂಬಿನ ಪಕ್ಕ ಚುರುಮುರಿ ಇಡುತ್ತಿದ್ದರು. ಬೆಳಗ್ಗೆ ನಾನು ತಿನ್ನುವಾಗ ಮುಖ ಆಚೆ ತಿರುಗಿಸುತ್ತಿದ್ದರು. ತಾವು ಮಾತ್ರ ಸಾಯುವವರೆಗೆ ಪೂಜೆಗೆ ಮೊದಲು ನೀರು ಮುಟ್ಟಲಿಲ್ಲ.

ಮಗಳಿಗೆ ಲಸಿಕೆ ಹಾಕಿಸುವ ನೆಪದಲ್ಲಿ ಶುರುವಾದ ಹೋಗಿಬರುವಿಕೆ ಆಮೇಲೆ ರೂಢಿಯಾಯಿತು. ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿಗೆ ಹೋದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಪೇಪರು ಓದುತ್ತಿರುತ್ತಿದ್ದರು, ಪೇಪರಿಗೂ ಬೈಯುತ್ತ. ನಿಲಂಗಾದಿಂದ, ಉಮರಗಾದಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ತರುವ ಬಸುರಿಯರನ್ನು ಕಂಡರೆ, ಮೊದಲು ಕರೆತಂದವರಿಗೆ ಬೈಗುಳ, ಆಮೇಲೆ ರಸ್ತೆಗೆ. ಬಸುರಿಗೆ ಮಾತ್ರ ಅವರು ಯಾವತ್ತೂ ಬೈದದ್ದು ನಾನು ಕೇಳಿಲ್ಲ. ಇಷ್ಟೊಂದು ಸಿಟ್ಟು ಹುಟ್ಟಿನಿಂದಲೇ ಬಂದದ್ದೇ ಎಂದು ಒಮ್ಮೆ ಕೇಳಿದ್ದೆ. ರೊಟ್ಟಿ ಮುರಿಯುತ್ತ ಹೇಳಿದರು.

"ಮೊದಲ ನಾನೂ ಸವಕಾಶ ಹೇಳ್ತಿದ್ದೆ ಪೋರಿ. ಒಬ್ಬಾಕಿಗಿ ಅಡ್ಮಿಟ್ ಮಾಡ್ರಿ ಅಂತ ಸವಕಾಶ ಹೇಳ್ದೆ. ಹಬ್ಬ ಮುಗಿಸಿ ಕರ್ಕೊಂಡ ಬರ್ತೀವಂದ್ರು. ಹಬ್ಬ ಮುಗೀತು, ಆಕಿ ಬರಲಿಲ್ಲ."

ಅಷ್ಟೇ. ಆಕೆ ಯಾರು, ಯಾವ ಊರು, ಹೇಳಲಿಲ್ಲ. ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ದವಾಖಾನೆಯ ಕುರ್ಚಿಯಲ್ಲಿ ಕೂತಲ್ಲೇ ಎದೆಬಡಿತ ನಿಂತಿತಂತೆ. ಮಠದ ಅಂಗಳದಲ್ಲಿ ಪೆಂಡಾಲು ಹಾಕಿ ಸಭೆ ಮಾಡಿದರು. ಮುಂದೆ ಕುರ್ಚಿಗಳಲ್ಲಿ ಗಂಡಸರು, ಹಿಂದೆ ಜಮಖಾನದ ಮೇಲೆ ಹೆಂಗಸರು. ಹಿಂದೆ ಕೂತವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಹಡೆದವರು, ಉಳಿದರ್ಧ ಅವರ ಕೈಯಲ್ಲಿ ಹುಟ್ಟಿದವರು. ಮಾತಾಡಲು ಮಾತ್ರ ಒಬ್ಬ ಹೆಂಗಸನ್ನೂ ಕರೆಯಲಿಲ್ಲ. ಕೊನೆಗೆ ನಮ್ಮ ಅಯ್ಯನವರೇ ಎದ್ದರು. ಈಗ ಹಣ್ಣು ಮುದುಕರು, ಇಬ್ಬರು ಹಿಡಿದು ನಿಲ್ಲಿಸಬೇಕು. ಡಾಕ್ಟರಬಾಯಿಯವರು ಬಹಳ ಶಾಂತ ಸ್ವಭಾವದವರು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ ಎಂದರು. ಮುಂದಿನ ಸಾಲಿನವರು ತಲೆ ಆಡಿಸಿದರು.  ಬದುಕಿದ್ದಾಗ ಅವರಿಂದ ಬೈಗುಳ ತಿಂದವರೇ ಸತ್ತ ಮೇಲೆ ಅವರ ಬಾಯಿ ಮುಚ್ಚಿಸುತ್ತಿದ್ದರು. ಅಲ್ಲಿ ಕೂರಲಾಗದೆ ಎದ್ದು ಹೊರಗೆ ನಲ್ಲಿಯ ಕಡೆ ಹೋದೆ.

ನಲ್ಲಿಯ ಹತ್ತಿರ ಒಬ್ಬ ಹುಡುಗಿ ಗೋಡೆ ಹಿಡಿದು ಬಾಗಿದ್ದಳು. ಹೊಟ್ಟೆಯಿಂದ ಏನೂ ಬರುತ್ತಿರಲಿಲ್ಲ, ಬರೀ ಸದ್ದು. ಕೈಯಲ್ಲಿ ಹಸಿರು ಬಳೆ, ಕಣ್ಣು ಒಳಗೆ ಹೋಗಿವೆ, ತುಟಿ ಸೀಳಿದೆ. ಪಕ್ಕದಲ್ಲಿ ಅವಳ ಅತ್ತೆ ಚೀಲ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಸ್ವಲ್ಪ ನಾಚಿಕೊಂಡಂತೆ, ಮೊದಲನೇ ಬಸುರು, ಎಲ್ಲಾರಿಗೂ ಆಗ್ತದಲ್ರಿ ಎಂದರು.

ನಾನು ಹುಡುಗಿಯ ಕೈ ಹಿಡಿದು ಮುಂಗೈಯ ಚರ್ಮ ಚಿವುಟಿ ಬಿಟ್ಟೆ. ಚರ್ಮ ನಿಂತೇ ಇತ್ತು. ಒಂದಕ್ಕೆ ಯಾವಾಗ ಹೋಗಿದ್ದಿ ಎಂದು ಕೇಳಿದೆ. ಆಗಲೇ ಮನೆಯಿಂದ ಹೊರಡುವಾಗ ಹೋಗಿದ್ದಾಳೆ ಎಂದು ಅವಳ ಅತ್ತೆ ಹೇಳತೊಡಗಿದರು.

"ಕಾಕು, ನಾ ಆಕಿಗಿ ಕೇಳ್ಲತೀನಿ."

ದನಿ ನನ್ನ ಗಂಟಲಿನಿಂದ ಬಂದದ್ದು ಹೌದು, ನನ್ನದಾಗಿರಲಿಲ್ಲ. ಪೆಂಡಾಲಿನ ಹಿಂದಿನ ಸಾಲಿನ ಹೆಂಗಸರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಮೈಕಿನಲ್ಲಿ ಅಯ್ಯನವರು ಮಾತು ನಿಲ್ಲಿಸಿದರು. ಹುಡುಗಿ ಅತ್ತೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ನಿನ್ನಿ ಮುಂಜಾನಿ" ಎಂದಳು.

ಹಿಂದಿನ ಸಾಲಿನಿಂದ ಯಾರೋ ಆಗಲೇ ಎದ್ದು ರಸ್ತೆಗೆ ಓಡಿ ಆಟೋ ಕೂಗುತ್ತಿದ್ದರು. ಇನ್ಯಾರೋ ನೀರಿನ ಬಾಟಲಿ ತಂದುಕೊಟ್ಟರು. ಹುಡುಗಿ ಬಾಟಲಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಮುಚ್ಚಳ ತಿರುಗಿಸಿ ತೆಗೆದು, ಅದರ ತುಂಬ ನೀರು ಹಾಕಿ, ಅವಳ ತುಟಿಗೆ ಹಿಡಿದೆ.